ಅಗಿಯಬೇಕಾದ ಯಾವುದೂ ಬೇಡ

ಕೋಲಾರದ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಸಣ್ಣ ಊಟದ ಹೋಟೆಲಿದೆ. ಹೋದ ತಿಂಗಳು ತಪಾಸಣಾ ಶಿಬಿರವೊಂದಕ್ಕೆ ಬೆಂಗಳೂರಿನಿಂದ ಬಂದಿದ್ದವಳು, ಕೆಲಸ ಮುಗಿಸಿ, ಹಸಿವು ತಡೆಯಲಾರದೆ ಅದರೊಳಕ್ಕೆ ಹೊಕ್ಕೆ. ಹೊರಗೆ ಬೆಳಗಿನಿಂದ ಬಿಟ್ಟೂ ಬಿಡದ ಸೋನೆ. ಕೂತು ನೀರಿನ ಲೋಟ ಎತ್ತಿಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಆ ವಾಸನೆ ಬಂತು. ಕುದಿಯುವ ನೀರಿಗೆ ರಾಗಿ ಹಿಟ್ಟು ಬಿದ್ದು, ಕೋಲಿನಲ್ಲಿ ತಿರುವುತ್ತಿರುವಾಗ ತಳ ಒಂದಿಷ್ಟು ಸೀದು ಏಳುವ ವಾಸನೆ. ಲೋಟ ಕೆಳಗಿಟ್ಟೆ.

"ಮುದ್ದೆ ಈಗಷ್ಟೇ ಇಳಿಸವ್ರೆ ಮೇಡಂ, ಇಕ್ಲಾ?" ಎಂದ ಬಡಿಸುವವನು.

"ಬೇಡ. ಅನ್ನ ಸಾಕು."

ಬೆಂಗಳೂರಿನವಳು ಎಂದುಕೊಂಡನೋ ಏನೋ, ಸಣ್ಣಗೆ ನಕ್ಕು ಹೋದ. ಇಲ್ಲ ಮಾರಾಯ, ನಾನು ಮಾಲೂರಿನವಳು, ಹಾಲುಹಲ್ಲು ಬೀಳುವ ಮುಂಚೆಯೇ ಮುದ್ದೆ ನುಂಗಲು ಕಲಿತವಳು ಎಂದು ಹೇಳಬೇಕೆನಿಸಿತು. ಆದರೆ ನಾನು ಮುದ್ದೆ ಬಿಟ್ಟು ಐದು ವರ್ಷವಾಯಿತು. ಐದು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ, ಇದೇ ಊರಿನ ಒಂದು ಆಸ್ಪತ್ರೆಯಲ್ಲಿ, ನಾನು ಒಂದು ತಪ್ಪು ಮಾಡಿದೆ. ಆಮೇಲೆ ಅದಕ್ಕಿಂತ ದೊಡ್ಡದೊಂದು ಮಾಡಿದೆ.

ಆಗ ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ನಮ್ಮದು ಮಾತಿನ ಚಿಕಿತ್ಸೆಯ ಓದು. ಉಗ್ಗುವ ಮಕ್ಕಳಿಗೆ ಪಾಠ ಹೇಳುವುದಷ್ಟೇ ಅದು ಎಂದು ಬಹಳ ಜನ ತಿಳಿದಿದ್ದಾರೆ. ಮಾತಾಡುವ ಬಾಯಿ, ಗಂಟಲುಗಳೇ ನುಂಗುವ ಕೆಲಸವನ್ನೂ ಮಾಡಬೇಕಾದ್ದರಿಂದ ಮಾತು ನಿಂತವರ ಜೊತೆಗೆ ನುಂಗಲಾಗದವರೂ ನಮ್ಮ ಪಾಲಿಗೇ ಬರುತ್ತಾರೆ. ಮಾಲೂರಿನ ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿದ್ದ ನಮ್ಮಪ್ಪ ಸಿಕ್ಕಸಿಕ್ಕವರಿಗೆಲ್ಲ, "ನಮ್ ಭವ್ಯ ಮಾತಿನ ಡಾಕ್ಟ್ರು ಓದ್ತಾವ್ಳೆ" ಎನ್ನುತ್ತಿದ್ದರು. "ಇವಳಿಗೆ ಮೊದ್ಲು ಮಾತು ನಿಲ್ಸೋದು ಕಲಿಸ್ರಪ್ಪ" ಎಂದು ನಮ್ಮ ಮಾವ ರೇಗಿಸುತ್ತಿದ್ದರು. ಮನೆಯಲ್ಲಿ ನನಗೆ ಅಂಥ ಹೆಸರಿತ್ತು.

ಕಾಲೇಜಿನಿಂದ ಮೂರು ತಿಂಗಳ ಮಟ್ಟಿಗೆ ನನ್ನನ್ನು ಕೋಲಾರಕ್ಕೆ ಹಾಕಿದರು. ದಿನಾ ಬೆಳಿಗ್ಗೆ ಮಾಲೂರಿನಲ್ಲಿ ಬಸ್ಸು ಹತ್ತಿ, ನರಸಾಪುರದ ಮೇಲೆ ಹೋಗುತ್ತಿದ್ದೆ. ಅಲ್ಲಿ ಕಂಪನಿ ಬಸ್ಸುಗಳು ಸಾಲಾಗಿ ನಿಂತು, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯರನ್ನು ಇಳಿಸುತ್ತಿದ್ದವು. ನನ್ನದೇ ವಯಸ್ಸಿನವರು. ಅವರು ಆಗಲೇ ದುಡಿಯುತ್ತಿದ್ದರು, ನಾನಿನ್ನೂ ಪರೀಕ್ಷೆ ಬರೆಯುತ್ತಿದ್ದೆ. ನಮ್ಮ ಕಡೆಯ ಮಳೆಗೆ ಧೋ ಎಂದು ಸುರಿದು ಗೊತ್ತಿಲ್ಲ. ಆ ವರ್ಷವಂತೂ ಮೋಡ ಇಳಿದು ತಲೆಯ ಮೇಲೆ ಕೂತಿತ್ತು. ವಾರಗಟ್ಟಲೆ ಬಿಸಿಲು ಕಾಣದೆ, ತಣ್ಣಗಿನ ಹನಿ ಉದುರುತ್ತಲೇ ಇತ್ತು. ರಾಗಿ ಹೊಲಗಳೊಂದೇ ಅದನ್ನು ಕುಡಿದು ಹಸಿರಾಗಿದ್ದವು.

ಆಸ್ಪತ್ರೆಯಲ್ಲಿ ನನಗೆ ಕೊಟ್ಟ ಕೋಣೆ ಮೊದಲು ಹಳೇ ಮಂಚಗಳನ್ನು ತುಂಬಿಟ್ಟಿದ್ದ ಜಾಗ. ಒಂದು ಮೇಜು, ಎರಡು ಕುರ್ಚಿ, ಬಾಯಿಯ ಚಲನೆ ನೋಡಿಕೊಳ್ಳಲು ಒಂದು ಕನ್ನಡಿ. ಗೋಡೆ ತೇವ ಹಿಡಿದು ಸುಣ್ಣ ಉದುರುತ್ತಿತ್ತು. ಗುರುವಾರಕ್ಕೊಮ್ಮೆ ಬೆಂಗಳೂರಿನಿಂದ ನಮ್ಮ ಗೈಡ್ ಸುಧಾ ಮೇಡಂ ಬಂದು, ನಾನು ಬರೆದಿಟ್ಟದ್ದನ್ನೆಲ್ಲ ಓದಿ ಸಹಿ ಹಾಕುತ್ತಿದ್ದರು. ಆ ಸಹಿ ಇಲ್ಲದಿದ್ದರೆ ನಾನು ರೋಗಿಗಳ ಜೊತೆ ಕಳೆದ ಗಂಟೆಗಳು ಲೆಕ್ಕಕ್ಕಿಲ್ಲ. ಗಂಟೆಗಳು ಭರ್ತಿಯಾಗದಿದ್ದರೆ ಪರೀಕ್ಷೆಯೂ ಇಲ್ಲ. ಜೊತೆಗೆ ಒಬ್ಬ ರೋಗಿಯ ಬಗ್ಗೆ ವಿವರವಾಗಿ ಬರೆದು ಮೌಖಿಕ ಪರೀಕ್ಷೆಯಲ್ಲಿ ಮಂಡಿಸಬೇಕಿತ್ತು. ಒಳ್ಳೆಯ ಕೇಸು ಸಿಗಲಪ್ಪ ಎಂದು ನಾನು ದೇವರಿಗೆ ಹರಕೆ ಹೊರುವುದೊಂದು ಬಾಕಿ.

ಎರಡನೇ ವಾರದಲ್ಲಿ ಆಂಜಿನಪ್ಪ ಬಂದರು.

ಮುಳಬಾಗಿಲಿನ ಆಚೆ, ಬೈರಕೂರಿನ ಹತ್ತಿರದ ಹಳ್ಳಿಯವರು. ಸಸಿ ತೋಟಗಳಲ್ಲಿ ಮಾವಿನ ಕಸಿ ಕಟ್ಟುವುದು ಅವರ ಕೆಲಸ. ಐವತ್ತೈದರ ಆಸುಪಾಸು. ಮೆದುಳಿನ ಎಡಕ್ಕೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಪೂರಾ ನಿಂತಿತ್ತು. ನುಂಗಲಾಗದೆ ಮೂಗಿನಿಂದ ಹೊಟ್ಟೆಗೆ ಪೈಪು ಹಾಕಿದ್ದರು. ಹಾಸಿಗೆಯ ಪಕ್ಕ ಹೆಂಡತಿ ವೆಂಕಟಮ್ಮ, ಕಿಟಕಿಯ ಹತ್ತಿರ ಮಗಳು ಅನಿತಾ. ಅನಿತಾ ನರಸಾಪುರದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಪಾಳಿ ಮುಗಿದ ಕೂಡಲೇ ಗುರುತಿನ ಚೀಟಿಯನ್ನೂ ತೆಗೆಯದೆ ಆಸ್ಪತ್ರೆಗೆ ಓಡಿ ಬರುತ್ತಿದ್ದಳು. ಅವರ ಮನೆಮಾತು ತೆಲುಗು. ಅಪ್ಪನನ್ನು ಅವಳು ನಾಯ್ನ ಎನ್ನುತ್ತಿದ್ದಳು.

ಮೊದಲ ದಿನ ನಮ್ಮ ಕಾಲೇಜಿನ ಚಿತ್ರಗಳ ಪುಸ್ತಕ ತೆರೆದು, ಮಾವಿನಹಣ್ಣಿನ ಚಿತ್ರ ತೋರಿಸಿ, "ಇದೇನು ಹೇಳಿ ಯಜಮಾನ್ರೇ" ಎಂದೆ. ಎಡಗೈಯಲ್ಲಿ ಪುಸ್ತಕ ಹಿಡಿದು, ಅತ್ತ ಇತ್ತ ತಿರುಗಿಸಿ, ಹುಬ್ಬು ಗಂಟಿಕ್ಕಿ, ಕೊನೆಗೆ ಬೇಸರದಿಂದ ತಲೆ ಆಡಿಸಿದರು. ನಾನು 'ಗುರುತಿಸಲಿಲ್ಲ' ಎಂದು ಬರೆದುಕೊಂಡೆ. ವೆಂಕಟಮ್ಮನಿಗೆ ನಗು ತಡೆಯಲಾಗಲಿಲ್ಲ.

"ಅದು ಯಾವ ಜಾತಿ ಅಂತ ನೋಡ್ತಾವ್ನೆ ಅಮ್ಮಾಯಿ ಆಯಪ್ಪ. ಬಾದಾಮಿನೂ ಅಲ್ಲ, ಬೇನಿಷಾನೂ ಅಲ್ಲ, ತೋತಾಪುರಿ ಮೂತಿನೂ ಇಲ್ಲ. ಏನಂತ ಹೇಳ್ತಾನೆ ಪಾಪ?"

ಆ ಪುಸ್ತಕ ಅವತ್ತೇ ಮುಚ್ಚಿದೆ. ಮನೆಗೆ ಹೋಗಿ ರಟ್ಟು ಕತ್ತರಿಸಿ, ನಾನೇ ಬಣ್ಣ ಹಚ್ಚಿ ಹೊಸ ಕಾರ್ಡು ಮಾಡಿಕೊಂಡು ಬಂದೆ. ಕಸಿ ಚಾಕು, ಮಾವಿನ ಸಸಿ, ಸೊಪ್ಪಿನ ಸಾರು, ಮುದ್ದೆ. ತಟ್ಟೆಯ ನಡುವೆ ಕಂದು ಬಣ್ಣದ ಉಂಡೆ, ಸುತ್ತ ಒಂದಿಷ್ಟು ಹಸಿರು. ಅನಿತಾ ಅದನ್ನು ನೋಡಿ, "ಸಗಣಿ ಉಂಡೆ ಥರ ಐತೆ ಮೇಡಂ" ಎಂದು ಬಾಯಿ ಮುಚ್ಚಿಕೊಂಡು ನಕ್ಕಳು. ಆದರೆ ಆಂಜಿನಪ್ಪನ ಕಣ್ಣು ಅದರ ಮೇಲೆ ನಿಂತುಬಿಟ್ಟಿತು. ತುಟಿ ಎರಡೂ ಕೂಡಿದವು. ತುಟಿಯ ಬಲತುದಿಯಿಂದ ಜೊಲ್ಲು ಇಳಿಯುತ್ತಿತ್ತು. "ಮ್... ಮ್..." ಅಷ್ಟೇ. ಗುರುವಾರ ಸುಧಾ ಮೇಡಂ ಆ ಕಾರ್ಡು ಕೈಯಲ್ಲಿ ಹಿಡಿದು, "ಪುಸ್ತಕದ ಬ್ರೆಡ್ಡು ಬಿಟ್ಟು ಅವರ ಊಟ ಹಿಡ್ಕೊಂಡೆಯಲ್ಲ, ಇದು ಸರಿ" ಎಂದರು. ಅವರು ಅಷ್ಟು ಹೊಗಳುವವರಲ್ಲ. ಆ ದಿನ ಬಸ್ಸಿನಲ್ಲಿ ನಾನು ತೇಲಿಕೊಂಡು ಮನೆಗೆ ಹೋದೆ.

ನಾಲ್ಕು ವಾರ ಹೀಗೇ ನಡೆಯಿತು. ನಾನು ಕಾರ್ಡು ಹಿಡಿದು, "ಮುದ್ದೆ. ನನ್ನ ಬಾಯಿ ನೋಡಿ. ಮು..." ಎನ್ನುವುದು. ಅವರು "ಮು..." ಎಂದು ಅಲ್ಲಿಗೇ ಸಿಕ್ಕಿಕೊಳ್ಳುವುದು. ನಾಲಿಗೆ ಮುಂದಿನ ಜಾಗ ಹುಡುಕಿ ಹುಡುಕಿ ಸೋಲುವುದು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ವೆಂಕಟಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತು, ಗಂಡ ಬಾಯಿ ತೆರೆದಾಗಲೆಲ್ಲ ತಾವೂ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು, ಮಗುವಿಗೆ ತುತ್ತು ಕೊಡುವ ತಾಯಿ ತಾನೇ ಬಾಯಿ ತೆರೆಯುವ ಹಾಗೆ. ಅದು ಅವರಿಗೆ ಗೊತ್ತೂ ಇರಲಿಲ್ಲ.

"ಒಂದೇ ಒಂದು ಮಾತು ಅಮ್ಮಾಯಿ," ಎನ್ನುತ್ತಿದ್ದರು. "ಬೇರೇನೂ ಬೇಡ. ಇದು ಬೇಕು ಅಂತ ಬಾಯಿ ಬಿಟ್ಟು ಕೇಳ್ಲಿ. ಮೂವತ್ತು ವರ್ಷ ಆಯಪ್ಪ ಕೇಳ್ದೆನೇ ಇಕ್ಕಿದೀನಿ, ಈಗ ಕೇಳ್ಲಿ."

ಆ ಒಂದು ಮಾತು ನನ್ನ ಕೈಯಲ್ಲಿ ಆಗುತ್ತದೆ ಎಂದು ನಾನೂ ನಂಬಿದ್ದೆ.

ಮಾತಿನದ್ದು ಒಂದು ಹಸಿರು ಫೈಲು. ನುಂಗುವುದರದ್ದು ಒಂದು ನೀಲಿ ಫೈಲು. ಎರಡನ್ನೂ ನಾನೇ ಬರೆಯುತ್ತಿದ್ದೆ, ಆದರೆ ಬೇರೆ ಬೇರೆ ಹೊತ್ತಿನಲ್ಲಿ. ಬೆಳಿಗ್ಗೆ ಕಾರ್ಡು, ಮಧ್ಯಾಹ್ನ ಚಮಚ. ನುಂಗುವುದರಲ್ಲಿ ಅವರು ಬೇಗ ಚೇತರಿಸಿಕೊಂಡರು. ಮೊದಮೊದಲು ಒಂದು ಚಮಚ ನೀರು ಕೊಟ್ಟರೂ ಕೆಮ್ಮಿ ಕೆಮ್ಮಿ ಮುಖ ಕಪ್ಪಾಗುತ್ತಿತ್ತು. ನೀರು ಗಂಟಲಿನಲ್ಲಿ ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗುತ್ತಿತ್ತು. ನೀರು ಬೇಗ ಜಾರುತ್ತದೆ, ಸೊರಗಿದ ಗಂಟಲಿಗೆ ಅದನ್ನು ಹಿಡಿಯಲಾಗುವುದಿಲ್ಲ. ಮಂದವಾಗಿದ್ದರೆ ನಿಧಾನಕ್ಕೆ ಇಳಿಯುತ್ತದೆ. ಅದಕ್ಕೆ ರಾಗಿ ಗಂಜಿಯನ್ನು ಮಂದಗೆ ಮಾಡಿಸಿ ಶುರು ಮಾಡಿದೆ. ಗಲ್ಲ ಎದೆಗೆ ತಾಗಿಸಿ ನುಂಗುವುದನ್ನು ಕಲಿಸಿದೆ. ಅವರು ಬಂದ ಐದನೇ ವಾರದ ಗುರುವಾರ ಸುಧಾ ಮೇಡಂ, ವಾರ್ಡಿನ ಡಾಕ್ಟರು ಇಬ್ಬರೂ ನಿಂತು ನೋಡಿದರು. ಒಂದು ಬಟ್ಟಲು ಗಂಜಿ ಒಂದೇ ಒಂದು ಕೆಮ್ಮಿಲ್ಲದೆ ಇಳಿಯಿತು. ಪೈಪು ತೆಗೆದರು. ಆಂಜಿನಪ್ಪ ಎಡಗೈಯಿಂದ ತಮ್ಮ ಮೂಗು ಮುಟ್ಟಿ ಮುಟ್ಟಿ ನೋಡಿಕೊಂಡರು. ವೆಂಕಟಮ್ಮ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನನಗೆ ಸಂಕೋಚವಾಯಿತು, ಹೆಮ್ಮೆಯೂ ಆಯಿತು.

ಮನೆಗೆ ಕಳಿಸುವ ದಿನ ಬರೆದುಕೊಡಲು ನಮ್ಮಲ್ಲಿ ಒಂದು ಅಚ್ಚಾದ ಹಾಳೆ ಇತ್ತು. ಒಂದು ಕಡೆ ಕೊಡಬಹುದಾದ ಆಹಾರ, ಇನ್ನೊಂದು ಕಡೆ ಕೊಡಬಾರದ ಆಹಾರ. ಕೊಡಬಾರದ ಕಡೆ ಬ್ರೆಡ್ಡು, ಬಿಸ್ಕತ್ತು, ಚಪಾತಿ, ಉದುರನ್ನ, ನೀರು, ಕಾಫಿ ಎಂದೆಲ್ಲ ಇತ್ತು. ಅದರ ಕೆಳಗೆ ನಾನು ನನ್ನ ಕೈಯಾರೆ ದಪ್ಪ ಅಕ್ಷರದಲ್ಲಿ ಬರೆದೆ: ಅಗಿಯಬೇಕಾದ ಯಾವುದೂ ಬೇಡ.

ಅನಿತಾ ಅದನ್ನು ಗಟ್ಟಿಯಾಗಿ ಅಮ್ಮನಿಗೆ ಓದಿ ಹೇಳಿದಳು. ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಅವಳಷ್ಟು ಜಾಗ್ರತೆಯಿಂದ ಕೇಳಿದವರನ್ನು ನಾನು ಆಮೇಲೂ ಕಂಡಿಲ್ಲ.

"ಇಡ್ಲಿ ಮೇಡಂ?"

"ಹಾಲಲ್ಲಿ ಕಿವುಚಿ, ಪಾಯಸದ ಥರ ಮಾಡಿ ಕೊಡಿ."

"ಟೀ ಬೇಕಂತ ಕೈ ತೋರ್ಸಿದ್ರೆ?"

"ಬೇಡ. ತೆಳ್ಳಗಿರೋದು ಯಾವ್ದೂ ಬೇಡ. ಗಟ್ಟಿಯಾಗಿದ್ದಷ್ಟೂ ಒಳ್ಳೇದು."

"ಮಾವಿನಹಣ್ಣು?"

"ಈಗೆಲ್ಲಿ ಮಾವು? ಕಾಲ ಬರ್ಲಿ, ಅಷ್ಟೊತ್ತಿಗೆ ಸರಿ ಹೋಗ್ತಾರೆ."

ಮುದ್ದೆಯ ಬಗ್ಗೆ ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ. ದಿನಾ ಉಣ್ಣುವುದನ್ನು ಯಾರೂ ಕೇಳುವುದಿಲ್ಲ. ನನ್ನ ಹಸಿರು ಫೈಲಿನಲ್ಲಿ ಮುದ್ದೆಯ ಕಾರ್ಡು ಇತ್ತು. ಮನೆಯಲ್ಲಿ ಅಭ್ಯಾಸ ಮಾಡಲಿ ಎಂದು ಅದನ್ನೇ ತೆಗೆದು ವೆಂಕಟಮ್ಮನ ಕೈಗೆ ಕೊಟ್ಟೆ. ನೀಲಿ ಫೈಲಿನ ಹಾಳೆಯಲ್ಲಿ ಮುದ್ದೆ ಎಂಬ ಮಾತಿರಲಿಲ್ಲ. ಅಚ್ಚು ಮಾಡಿದವರು ಎಲ್ಲಿಯವರೋ ಏನೋ. ಬರೆದುಕೊಟ್ಟವಳು ಮಾಲೂರಿನವಳು.

ಮುದ್ದೆ ಅಗಿಯುವುದಲ್ಲ, ನುಂಗುವುದು. ನಮ್ಮ ಕಡೆ ಮಗುವಿಗೂ ಗೊತ್ತಿರುವ ಸಂಗತಿ. ನನ್ನ ಅಜ್ಜಿ ನೆಲ್ಲಿಕಾಯಿ ಗಾತ್ರ ಮುರಿದು, ಸಾರಿನಲ್ಲಿ ಹೊರಳಿಸಿ, ನನ್ನ ನಾಲಿಗೆಯ ಮೇಲಿಟ್ಟು, "ಹಲ್ಲಿಗೆ ತೋರಿಸ್ಬೇಡ, ಗಂಟಲಿಗೆ ಬಿಡು" ಎನ್ನುತ್ತಿದ್ದಳು. ಊರಿಗೆ ಬಂದ ನೆಂಟರು ಮುದ್ದೆ ಅಗಿದರೆ ನಾವು ಮಕ್ಕಳೆಲ್ಲ ಮೊಣಕೈಯಲ್ಲಿ ತಿವಿದುಕೊಂಡು ನಗುತ್ತಿದ್ದೆವು. ಇಷ್ಟೆಲ್ಲ ಗೊತ್ತಿದ್ದವಳು ನಾನು, ತೆಳ್ಳಗಿರುವುದು ಬೇಡ, ಗಟ್ಟಿಯಾಗಿದ್ದಷ್ಟೂ ಒಳ್ಳೆಯದು, ಅಗಿಯಬೇಕಾದ್ದು ಬೇಡ ಎಂದು ಹೇಳಿ ಕಳಿಸಿದೆ. ರಾಗಿ ಗಂಜಿಗಿಂತ ಗಟ್ಟಿ ಏನು? ಅಗಿಯದೆ ಒಳಗೆ ಹೋಗುವುದು ಏನು? ಬೈರಕೂರಿನ ಕಡೆಯ ಯಾವ ಹೆಂಗಸನ್ನು ಕೇಳಿದರೂ ಒಂದೇ ಉತ್ತರ ಕೊಡುತ್ತಿದ್ದಳು. ಅಂಟುವ ಆ ಉಂಡೆ, ಸೊರಗಿದ ಗಂಟಲಿಗೆ ಬ್ರೆಡ್ಡು ಬಿಸ್ಕತ್ತುಗಳಿಗಿಂತ ಅಪಾಯ.

ಮನೆಗೆ ಹೋದ ನಾಲ್ಕನೇ ದಿನ ಅವರನ್ನು ವಾಪಸ್ಸು ಕರೆತಂದರು. ನಾನು ಬೆಳಿಗ್ಗೆ ಬರುವಷ್ಟರಲ್ಲಿ ಆಮ್ಲಜನಕ ಹಾಕಿದ್ದರು. ಮುದ್ದೆಯ ತುತ್ತು ಗಂಟಲಲ್ಲಿ ನಿಂತು ಉಸಿರು ಕಟ್ಟಿತ್ತಂತೆ. ಬೆನ್ನು ಬಡಿದು, ಬೆರಳು ಹಾಕಿ ಹೇಗೋ ತೆಗೆದಿದ್ದರು. ಚೂರು ಒಳಗಿಳಿದು, ಎರಡೇ ದಿನದಲ್ಲಿ ಶ್ವಾಸಕೋಶಕ್ಕೆ ಸೋಂಕು ತಗುಲಿ, ಜ್ವರ ಏರಿತ್ತು. ವಾರ್ಡಿನ ಡಾಕ್ಟರು ಸಿಟ್ಟಿನಿಂದ ಕೆಂಪಾಗಿದ್ದರು.

"ಯಾರ್ರೀ ಮುದ್ದೆ ಕೊಡೋಕೆ ಹೇಳಿದ್ದು ನಿಮ್ಗೆ? ಬರ್ಕೊಟ್ಟಿರ್ಲಿಲ್ವಾ?"

ವೆಂಕಟಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದರು. ಅನಿತಾ ಫೋನು ತೆಗೆದು ಆ ಫೋಟೋ ಹುಡುಕಿ ಅಮ್ಮನ ಮುಖಕ್ಕೆ ಹಿಡಿದಳು. "ಎಲ್ಲೈತೆ ತೋರ್ಸು. ಮುದ್ದೆ ಕೊಡು ಅಂತ ಎಲ್ಲಿ ಬರ್ದೈತೆ ತೋರ್ಸಮ್ಮ. ನಾನು ಶಿಫ್ಟಿಗೋಗಿದ್ದೇ ತಡ ನಿನ್ ಇಷ್ಟಕ್ಕೆ ಮಾಡ್ಬಿಟ್ಯಾ?"

"ಬೇಡ ಅಂತಾನೂ ಬರ್ದಿಲ್ವಲ್ಲೇ," ಎಂದರು ವೆಂಕಟಮ್ಮ. ಮೆಲ್ಲಗೆ ಎಂದರು. ಎಂದು ನನ್ನ ಕಡೆ ನೋಡಿದರು.

ಡಾಕ್ಟರು ನೋಡಿದರು. ಅನಿತಾ ನೋಡಿದಳು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಆಂಜಿನಪ್ಪನಲ್ಲ. ಇದ್ದದ್ದು ಗುರುವಾರ, ಸುಧಾ ಮೇಡಂ ಸಹಿ, ನನ್ನ ಪರೀಕ್ಷೆ.

"ನಾನು ಬಾಯಲ್ಲಿ ಹೇಳಿದ್ದೆ," ಎಂದೆ.

ಅಷ್ಟೇ. ಅನಿತಾ ಅಮ್ಮನ ಕಡೆ ತಿರುಗಿದಳು. ಬೈಯಲಿಲ್ಲ, ಅಳಲಿಲ್ಲ. ಫೋನು ಜೇಬಿಗಿಟ್ಟುಕೊಂಡು ಅಪ್ಪನ ಮಂಚದ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತಳು. ವೆಂಕಟಮ್ಮ ಇನ್ನೂ ನನ್ನನ್ನೇ ನೋಡುತ್ತಿದ್ದರು. ನಾನು ನೀಲಿ ಫೈಲು ತೆರೆದು, 'ಮನೆಯವರು ಸಲಹೆ ಪಾಲಿಸಿಲ್ಲ' ಎಂದು ಬರೆದೆ. ನನ್ನ ಅಕ್ಷರ ಯಾವಾಗಲೂ ದುಂಡಗೆ. ಅವತ್ತೂ ದುಂಡಗೇ ಇತ್ತು.

ಆಂಜಿನಪ್ಪ ಐದು ದಿನ ಇದ್ದರು. ಆರನೇ ದಿನ ಬೆಳಿಗ್ಗೆ ನಾನು ಹೋದಾಗ ಮಂಚದ ಮೇಲೆ ಬೇರೆ ಯಾರೋ ಇದ್ದರು. ಸುಧಾ ಮೇಡಂ ಗುರುವಾರ ಬಂದು ಫೈಲು ಓದಿ, "ಬಾಯಲ್ಲಿ ಹೇಳಿದ್ಯಾ?" ಎಂದು ಕೇಳಿದರು. ಹೌದು ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿ ಸಹಿ ಹಾಕಿದರು. ನಂಬಿದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ನಾನು ಅವರ ಕೇಸನ್ನೇ ಮಂಡಿಸಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಾನು ಮಾಡಿದ್ದ ಕಾರ್ಡುಗಳ ಬಗ್ಗೆ ಓದಿ ತಲೆದೂಗಿದರು. ಪುಸ್ತಕದ ಬದಲು ರೋಗಿಯ ಬದುಕಿನಿಂದ ಪದ ತೆಗೆದುಕೊಂಡಿದ್ದು ಬಹಳ ಒಳ್ಳೆಯದು ಎಂದರು. ಕೊನೆಗೆ, "ಆಮೇಲೆ ಏನಾದರು?" ಎಂದು ಕೇಳಿದರು. "ಪೈಪು ತೆಗೆದು ಮನೆಗೆ ಕಳಿಸಿದೆವು ಸರ್," ಎಂದೆ. ಸುಳ್ಳಲ್ಲ. ತರಗತಿಗೆ ಎರಡನೆಯವಳಾಗಿ ಪಾಸಾದೆ. ಮನೆಯಲ್ಲಿ ಅಮ್ಮ ಖುಷಿಗೆ ಹೊಸ ರಾಗಿಯ ಮುದ್ದೆ, ಕಾಳು ಸಾರು ಮಾಡಿದಳು. ತುತ್ತು ನಾಲಿಗೆಯ ಮೇಲೆ ನಿಂತಿತು. ಒಳಗೆ ಹೋಗಲಿಲ್ಲ. ಹೊರಗೆ ಹೋಗಿ ಉಗಿದು ಬಂದೆ. ಅಲ್ಲಿಗೆ ಮುಗಿಯಿತು.

ಈಗ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಕೊಡಬಾರದ ಆಹಾರದ ಪಟ್ಟಿಯನ್ನು ನಾನೇ ಬರೆದಿದ್ದೇನೆ. ಮೊದಲ ಸಾಲು ರಾಗಿ ಮುದ್ದೆ. ಪಂಜಾಬಿನಿಂದ ಬಂದವರಿಗೂ ಆ ಪಟ್ಟಿಯನ್ನೇ ಕೊಡುತ್ತೇವೆ. ಜೊತೆಯವರು ನಗುತ್ತಾರೆ.

ಹೋಟೆಲಿನಲ್ಲಿ ಅವತ್ತು ಅನ್ನವನ್ನೂ ಅರ್ಧಕ್ಕೆ ಬಿಟ್ಟು ಎದ್ದೆ. ಬೆಂಗಳೂರಿಗೆ ಹೋಗದೆ ಮಾಲೂರಿನ ಮನೆಯಲ್ಲಿ ಉಳಿದು, ಮರುದಿನ ಭಾನುವಾರ ಮುಳಬಾಗಿಲಿಗೆ ಹೋದೆ. ಅಲ್ಲಿಂದ ಬೈರಕೂರಿನ ಬಸ್ಸು ಹತ್ತಿ, ಊರಿನ ಹೆಸರು ಹೇಳಿ ಇಳಿದೆ. ಕಸಿ ಕಟ್ಟುವ ಆಂಜಿನಪ್ಪನ ಮನೆ ಎಂದು ಕೇಳಿದರೆ, "ವೆಂಕಟಮ್ಮ ನರ್ಸರಿಲವ್ಳೆ ನೋಡಿ, ರೋಡ್ ಪಕ್ಕ" ಎಂದರು.

ಹಸಿರು ಪರದೆಯ ನೆರಳಿನಲ್ಲಿ ನಾಲ್ಕಾರು ಹೆಂಗಸರು ಕಪ್ಪು ಕವರುಗಳಿಗೆ ಕೆಮ್ಮಣ್ಣು ತುಂಬುತ್ತಿದ್ದರು. ಪರದೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ವೆಂಕಟಮ್ಮ ತೆಳ್ಳಗಾಗಿದ್ದರು, ಕೈ ಮಾತ್ರ ಚುರುಕು. ನನ್ನನ್ನು ನೋಡಿ ಒಂದೇ ಕ್ಷಣದಲ್ಲಿ ಗುರುತು ಹಿಡಿದರು.

"ಮಾತು ಕಲಿಸ್ತಿದ್ದ ಅಮ್ಮಾಯಿ," ಎಂದರು. ಸಿಟ್ಟೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

ಊಟದ ಹೊತ್ತಾಗಿತ್ತು. ಉಳಿದವರು ಸಸಿಗಳ ಸಾಲಿನ ಕೊನೆಗೆ ಹೋಗಿ ಡಬ್ಬಿ ಬಿಚ್ಚಿ ಮುದ್ದೆ ಮುರಿದರು. ವೆಂಕಟಮ್ಮ ಅವರಿಂದ ದೂರ ನನ್ನ ಹತ್ತಿರವೇ ಕೂತು ತಮ್ಮ ಡಬ್ಬಿ ತೆರೆದರು. ಅದರಲ್ಲಿ ಅನ್ನ ಇತ್ತು. ನಾನು ನೋಡಿದ್ದನ್ನು ನೋಡಿ, "ಮನೇಲಿ ಮಾಡಲ್ಲ ಈಗ," ಎಂದರು.

ಬಸ್ಸಿನಲ್ಲಿ ಉದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಒಂದೂ ಬರಲಿಲ್ಲ. ಕೊನೆಗೆ ಹೇಗೋ ಹೇಳಿದೆ. "ಅಮ್ಮ, ತಪ್ಪು ನಿಮ್ದಲ್ಲ. ಮುದ್ದೆ ಬೇಡ ಅಂತ ನಾನು ಬರೀಲಿಲ್ಲ. ಬಾಯಲ್ಲೂ ಹೇಳಿರ್ಲಿಲ್ಲ. ಅವತ್ತು ಡಾಕ್ಟ್ರ ಮುಂದೆ ಸುಳ್ಳು ಹೇಳ್ದೆ."

ಅವರು ಅನ್ನ ಕಲಸುತ್ತಲೇ ಇದ್ದರು.

"ನಂಗೊತ್ತಿಲ್ವಾ ಅಮ್ಮಾಯಿ? ನೀನು ಹೇಳಿದ್ರೆ ನಾನು ಇಕ್ತಿದ್ನಾ? ನೀ ಹೇಳಿದ್ದು ಒಂದಾದ್ರೂ ಮೀರಿದ್ನಾ ನಾನು?" ಕಲಸುವ ಕೈ ನಿಂತಿತು. "ಅವತ್ತು ಆಯಪ್ಪ ಕೇಳ್ದ. ನೀ ಕೊಟ್ಟಿದ್ಯಲ್ಲ ಆ ರಟ್ಟು, ಗೋಡೆಗೆ ಅಂಟಿಸಿದ್ವಿ. ಅದ್ನ ನೋಡ್ಕೊಂಡು 'ಮುದ್ದೆ' ಅಂದ. ಪೂರಾ ಅಂದ. ಇನ್ನೊಂದ್ಸಲ ಅನ್ನು ಅಂದೆ, ಇನ್ನೊಂದ್ಸಲಾನೂ ಅಂದ. ಒಲೆ ಹಚ್ಚಕ್ಕೆ ಓಡ್ದೆ ನಾನು. ಬಾಯಿ ಬಿಟ್ಟು ಕೇಳಿದ್ಮೇಲೆ ಇಕ್ದೆ ಹೆಂಗಿರ್ಲಿ?"

ನಾಲ್ಕು ವಾರ ಬೆವರಿಳಿಸಿ ನಾನು ಕಲಿಸಿದ ಮಾತು. ಅದು ಬಂದದ್ದು ನನಗೆ ಗೊತ್ತೇ ಇರಲಿಲ್ಲ. ನನ್ನ ಹಸಿರು ಫೈಲಿನ ಕೊನೆಯ ಪುಟದಲ್ಲಿ 'ಮೊದಲ ಅಕ್ಷರ ಮಾತ್ರ' ಎಂದೇ ಇದೆ. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಅಳುವುದು ಮುಗಿಯಲಿ ಎಂದು ಕಾದರು.

"ನಂಗೊತ್ತು. ಅವಳಿಗೆ ಗೊತ್ತಿಲ್ಲ," ಎಂದರು ಆಮೇಲೆ. "ಅನಿತಾಗೆ. ತಿಥಿ ಮುಗಿದಿದ್ದೇ ನರಸಾಪುರದಾಗೆ ರೂಮ್ ಮಾಡ್ಕೊಂಡು ಹೋದ್ಲು. ಐದು ವರ್ಷ ಆಯ್ತು, ಒಂದು ಮಾತಿಲ್ಲ. ಫೋನ್ ಮಾಡಿದ್ರೆ ಎತ್ತಲ್ಲ. ಹಬ್ಬಕ್ಕೆ ಬಟ್ಟೆ ಕಳಿಸ್ತಾಳೆ, ಪಕ್ಕದ್ಮನೆ ಹುಡ್ಗಿ ಕೈಲಿ. ನಾನು ಎಷ್ಟ್ ಹೇಳ್ದೆ, ಆಯಮ್ಮ ಹೇಳಿರ್ಲಿಲ್ಲ ಕಣೇ ಅಂತ. ಓದಿರೋಳು ಹೇಳಿದ್ಮೇಲೆ ಮಣ್ಣು ತುಂಬೋಳ ಮಾತು ಯಾರು ಕೇಳ್ತಾರೆ?"

ಅವರು ಸೊಂಟದ ಚೀಲದಿಂದ ತಮ್ಮ ಫೋನು ತೆಗೆದು ಮಗಳ ನಂಬರು ತೋರಿಸಿದರು. "ನಿನ್ ಫೋನಲ್ಲಿ ಮಾಡು. ನನ್ದಾದ್ರೆ ಎತ್ತಲ್ಲ. ಇವತ್ತು ರಜಾ ಇರ್ತದೆ ಅವಳಿಗೆ."

ಮೂರನೇ ರಿಂಗಿಗೆ ಎತ್ತಿದಳು. "ಹಲೋ, ಯಾರು?"

ಬಾಯಿ ತೆರೆದೆ. ಸದ್ದು ಬರಲಿಲ್ಲ. ವೆಂಕಟಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು. ಅವರ ತುಟಿ ಆಡಿತು, ಆಸ್ಪತ್ರೆಯ ಸ್ಟೂಲಿನ ಮೇಲೆ ಕೂತು ಆಡಿಸುತ್ತಿದ್ದ ಹಾಗೆಯೇ.

ಹೇಳಿದೆ. ಹೆಸರು ಹೇಳಿ, ಹಾಳೆಯ ವಿಷಯ, ಸುಳ್ಳಿನ ವಿಷಯ, ಅವರಪ್ಪ ಬಾಯಿ ಬಿಟ್ಟು ಕೇಳಿದ ವಿಷಯ ಎಲ್ಲ ಹೇಳಿದೆ. ಆ ಕಡೆ ಟಿ.ವಿ. ಓಡುತ್ತಿತ್ತು. ನಡುವೆ ಯಾರೋ ಅದನ್ನು ನಿಲ್ಲಿಸಿದರು.

"ಇದ್ನ ಈಗ್ಯಾಕ್ ಹೇಳ್ತಿದೀರ ಮೇಡಂ?" ಎಂದಳು ಅನಿತಾ.

ನಾನು ವೆಂಕಟಮ್ಮನ ಕಡೆಗೆ ತಿರುಗಿದೆ.

"ಅಮ್ಮ ಪಕ್ಕದಲ್ಲವ್ಳಾ?"

"ಇದಾರೆ. ಕೊಡ್ಲಾ?"

ಒಮ್ಮೆ ಕೆಮ್ಮಿದಳು. ಆಮೇಲೆ ಕರೆ ಕಡಿದು ಹೋಯಿತು.

ಮಗಳು ಏನಂದಳು ಎಂದು ವೆಂಕಟಮ್ಮ ಕೇಳಲಿಲ್ಲ. ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಹತ್ತಿರಕ್ಕೆ ಸರಿದು, "ದನಿ ಹೆಂಗೈತೆ ಅಮ್ಮಾಯಿ ಅವಳ್ದು?" ಎಂದು ಕೇಳಿದರು.

ದನಿಯನ್ನು ಪರೀಕ್ಷಿಸುವುದು ನನ್ನ ಕಸುಬು. ಏರಿಳಿತ, ಒರಟು, ಉಸಿರು, ಎಲ್ಲಕ್ಕೂ ನಮ್ಮಲ್ಲಿ ಕಾಲಂಗಳಿವೆ.

"ಸ್ವಲ್ಪ ಕಟ್ಟಿದಂಗಿತ್ತು," ಎಂದೆ. "ನೆಗಡಿ ಇರ್ಬೇಕು."

"ಮಳೆಗಾಲ ಬಂದ್ರೆ ಹಂಗೇ ಅವಳಿಗೆ. ಮೆಣಸಿನ ಕಷಾಯ ಮಾಡ್ಕೊಳ್ಳೇ ಅಂದ್ರೆ ಮಾಡ್ಕೊಳ್ಳಲ್ಲ," ಎಂದರು. ನನ್ನ ಕೈಯಿಂದ ಫೋನು ತೆಗೆದುಕೊಂಡು ಕಿವಿಗೆ ಒತ್ತಿಕೊಂಡರು. ಕಡಿದು ಹೋಗಿದೆ ಎಂದು ನಾನು ಹೇಳಿದೆ. ಗೊತ್ತು ಎಂಬಂತೆ ತಲೆ ಆಡಿಸಿ, ಕೆಲಸದವರು ಕರೆಯುವವರೆಗೂ ಹಾಗೇ ಹಿಡಿದುಕೊಂಡು ಕೂತಿದ್ದರು.